ಮೈಕಿಗೆ ಕಟ್ಟಿದ ಅರಿವೆ

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿದ್ದ ನಮ್ಮ ಅಂಗಡಿಯಲ್ಲಿ ಆಗ ಇದ್ದದ್ದು ಒಂದೇ ಮೈಕು. ಧ್ವನಿ ಹೊರಡಿಸುವ ತುತ್ತೂರಿಯಂಥ ಎರಡು ಭೋಂಗಾ, ಎರಡು ಬ್ಯಾಟರಿ, ವಾಲ್ವ್ ಹಾಕಿದ ಒಂದು ಆಂಪ್ಲಿಫೈಯರು, ಇವು ಕೆಟ್ಟರೆ ಹೇಗೋ ತೇಪೆ ಹಾಕಿ ಜೋಡಿಸಬಹುದಿತ್ತು. ಮೈಕು ಕೆಟ್ಟರೆ ಮುಗಿಯಿತು, ಹೈದರಾಬಾದಿಗೆ ಓಡಬೇಕು. ಹಾಗಾಗಿ ಅದನ್ನು ಹತ್ತಿ ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು, ಎಲ್ಲಿಗೆ ಹೋದರೂ ತೊಡೆಯ ಮೇಲೇ ಇಟ್ಟುಕೊಂಡು ಕೂಡುತ್ತಿದ್ದೆ. ಅಂಗಡಿಯ ಯಜಮಾನರು ನನ್ನ ಚಾಚಾ, ಅಪ್ಪನ ತಮ್ಮ. "ಇವಂಗ ಹೆಂಡ್ತಿಗಿಂತ ಮೈಕ್ ಹೆಚ್ಚ ನೋಡ್ರಿ" ಎಂದು ಬಂದ ಗಿರಾಕಿಗಳೆದುರು ನನ್ನ ಮರ್ಯಾದೆ ತೆಗೆಯುವುದು ಅವರಿಗೆ ದಿನದ ಚಹಾದಷ್ಟೇ ರೂಢಿಯಾಗಿತ್ತು.

ಅದು ಕಾರ್ಬನ್ ಮೈಕು. ಒಳಗೆ ಇದ್ದಿಲಿನ ಸಣ್ಣ ಸಣ್ಣ ಹರಳುಗಳು, ಅವುಗಳ ಮುಂದೆ ಒಂದು ತೆಳ್ಳನೆಯ ಹಾಳೆ. ಧ್ವನಿ ತಾಗಿದಾಗ ಹಾಳೆ ಅಲುಗಬೇಕು, ಹರಳುಗಳು ಸಡಿಲವಾಗಿ ಕುಣಿಯಬೇಕು. ಒಳಗೆ ತೇವ ಹೋದರೆ ಅವು ಒಂದಕ್ಕೊಂದು ಅಂಟಿ ಕೂತುಬಿಡುತ್ತವೆ, ಆಮೇಲೆ ಯಾರು ಎಷ್ಟು ಅರಚಿದರೂ ಭೋಂಗಾದಿಂದ ಉಸಿರು ಹೊರಡುವುದಿಲ್ಲ. ಭಾಷಣದವರಿಂದ ನನಗೆ ಆ ಭಯವಿರಲಿಲ್ಲ, ಅವರು ಒಂದು ಮೊಳ ದೂರ ನಿಂತು ಕೈ ಬೀಸಿ ಮಾತಾಡುತ್ತಾರೆ. ಹಾಡುವವರು ಹಾಗಲ್ಲ. ಎರಡನೆಯ ಚರಣಕ್ಕೆ ಕಣ್ಣು ಮುಚ್ಚುತ್ತಾರೆ, ಮೂರನೆಯದಕ್ಕೆ ತುಟಿ ತಂದು ಮೈಕಿಗೇ ಒತ್ತುತ್ತಾರೆ. ಅದಕ್ಕೆಂದೇ ನನ್ನ ಹೆಂಡತಿಯ ಹಳೆಯ ಮಲ್‌ಮಲ್ ಓಢಣಿಯ ತುಂಡೊಂದನ್ನು ಒಗೆದು ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದೆ. ಭಾಷಣ ಮುಗಿದು ಹಾಡು ಶುರುವಾಗುವ ಹೊತ್ತಿಗೆ ಅದನ್ನು ಮೈಕಿನ ಮುಖಕ್ಕೆ ಸುತ್ತಿ ದಾರ ಬಿಗಿಯುವುದು ನನ್ನ ಪದ್ಧತಿ. ಉರುಸಿನ ಕವ್ವಾಲರಿಗೆ ಕಟ್ಟಿದ್ದೇನೆ, ಭಜನೆಯವರಿಗೆ ಕಟ್ಟಿದ್ದೇನೆ, ಹರಿಕಥೆಯ ದಾಸರಿಗೂ ಕಟ್ಟಿದ್ದೇನೆ. ಅದು ಏಕೆ ಎಂದು ಯಾರೂ ಕೇಳಿರಲಿಲ್ಲ.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷದ ಚಳಿಗಾಲ. ದೇವದುರ್ಗದ ಶಾಲೆಯ ಮಾಸ್ತರರೊಬ್ಬರು ಅಂಗಡಿಗೆ ಬಂದರು. ಖಾದಿ ಟೊಪ್ಪಿಗೆ, ಸವೆದ ಚಪ್ಪಲಿ, ಮಾತಿನಲ್ಲಿ ಮಾತ್ರ ಬಲು ಬಿರುಸು. ಊರಿನ ಕೆಲವು ತರುಣರನ್ನು ಸೇರಿಸಿಕೊಂಡು ಒಂದು ಹಾಡಿನ ಕಾರ್ಯಕ್ರಮ ಇಟ್ಟುಕೊಂಡಿದ್ದರು, ನಮ್ಮ ಭೋಂಗಾ ಬೇಕಾಗಿತ್ತು.

"ಯಾರ ಹಾಡ್ತಾರ್ರಿ?" ಎಂದು ಕೇಳಿದೆ.

"ಗಬ್ಬೂರ ಕಡಿಯ ಹೆಣ್ಮಗಳು. ತತ್ವಪದ ಹಾಡ್ತಾಳ. ಊರ ಹೊರಗಿನ ಕೇರಿಯಾಕಿ."

"ಎಲ್ಲಿ ಹಾಡೂದು?"

"ಚಾವಡಿ ಮುಂದಿನ ಕಟ್ಟಿ ಮ್ಯಾಲ."

ಚಾಚಾ ಬಸಿಯಲ್ಲಿ ಸುರಿದುಕೊಂಡಿದ್ದ ಚಹಾ ಹಾಗೇ ಕೈಯಲ್ಲಿ ಉಳಿಯಿತು. ಆ ಕಟ್ಟೆಯ ರಿವಾಜು ನಮಗೂ ಗೊತ್ತಿತ್ತು. ಊರ ಹೊರಗಿನ ಕೇರಿಯವರು ಅದರ ಮುಂದೆ ಹಾದು ಹೋಗಬೇಕಾದರೆ ಚಪ್ಪಲಿ ಕೈಗೆ ತೆಗೆದುಕೊಳ್ಳಬೇಕು. ಹತ್ತುವ ಮಾತು ಬಂದೇ ಇರಲಿಲ್ಲ. ಆಕೆ ಮೊದಲು ಹಾಡಿರಲಿಲ್ಲವೆಂದಲ್ಲ. ದೊಡ್ಡವರ ಮನೆಗಳಲ್ಲಿ ಸಾವಾದಾಗ ಆಕೆಯನ್ನು ಕರೆಸುತ್ತಿದ್ದರು, ಅಂಗಳದಾಚೆ ದನದ ಕೊಟ್ಟಿಗೆಯ ಮಗ್ಗುಲಲ್ಲಿ ನಿಲ್ಲಿಸಿ ಇಡೀ ರಾತ್ರಿ ಹಾಡಿಸುತ್ತಿದ್ದರು, ಬೆಳಿಗ್ಗೆ ಮೇಲಿನಿಂದ ಜೋಳ ಸುರಿದು ಕಳಿಸುತ್ತಿದ್ದರು.

"ಧ್ವನಿ ಬೇಕ್ರಿ ಇವರಿಗೆ, ಆಕಿ ಬ್ಯಾಡ" ಎಂದರು ಮಾಸ್ತರು. "ಹೊಸ ಸರ್ಕಾರ ಬಂದದ, ಹೊಸ ಕಾನೂನು ಬರಾಕತ್ತದ. ಈಗರ ಆಕಿ ಮ್ಯಾಲ ನಿಂತು ಹಾಡ್ಲಿ."

ಮಾಸ್ತರು ಆಚೆ ಹೋದ ಮೇಲೆ ಚಾಚಾ ನಮ್ಮ ಮನೆಮಾತಿಗೆ ತಿರುಗಿದರು. "ಪರಾಯೆ ಝಗ್ಡೆ ಮೆ ನಕ್ಕೊ ಪಡ್ ರೆ." ಬೇರೆಯವರ ಜಗಳದಲ್ಲಿ ಬೀಳಬೇಡ ಎಂದು. ಹಿಂದಿನ ವರ್ಷದ ಗಲಭೆಗಳ ಮೇಲೆ ನಮ್ಮ ಮಂದಿ ಪರಊರಿಗೆ ಹೋಗುವುದನ್ನು ಕಡಿಮೆ ಮಾಡಿದ್ದರು, ಅವರ ಹೆದರಿಕೆ ಸುಳ್ಳೇನಲ್ಲ. ಆದರೆ ನನಗೆ ಆ ವಯಸ್ಸಿನಲ್ಲಿ ಬೇಡವೆಂದದ್ದನ್ನು ಮಾಡುವ ಚಟವಿತ್ತು. ದೇವದುರ್ಗದಲ್ಲಿ ನಮ್ಮ ಭೋಂಗಾ ಅದುವರೆಗೆ ಕೂಗಿರಲಿಲ್ಲ, ಅಲ್ಲೂ ಕೂಗಿಸಬೇಕೆಂಬ ಆಸೆಯೂ ಇತ್ತು. ಒಪ್ಪಿಕೊಂಡುಬಿಟ್ಟೆ.

ಬ್ಯಾಟರಿಗಳನ್ನು ಬಸ್ಸಿನ ಮೇಲೆ ಹೊಟ್ಟಿನ ಚೀಲದ ನಡುವೆ ನೆಟ್ಟಗೆ ನಿಲ್ಲಿಸಿ ಕಟ್ಟಿದೆ. ಆಸಿಡ್ ತುಳುಕಿ ಯಾರದೋ ಮೆಣಸಿನಕಾಯಿ ಚೀಲ ಸುಟ್ಟೀತು ಎಂದು ಕಂಡಕ್ಟರು ದಾರಿಯುದ್ದಕ್ಕೂ ಬೈದ. ಗಬ್ಬೂರಿನಲ್ಲಿ ಬಸ್ಸು ನಿಂತಾಗ ಒಬ್ಬ ಹೆಂಗಸೂ ಒಬ್ಬ ಮುದುಕನೂ ಹತ್ತಿದರು. ಹೆಂಗಸಿನ ಕೈಯಲ್ಲಿ ಏಕತಾರಿ, ಮುದುಕನ ಹೆಗಲಿಗೆ ಚೀಲದಲ್ಲಿ ಬಾರಿಸುವ ದಮ್ಮಡಿ. ಆಕೆಯೇ ಹಾಡುವವಳು, ಅವನು ಆಕೆಯ ಸೋದರಮಾವ. ಆಕೆ ನನಗಿಂತ ಹತ್ತು ವರ್ಷ ದೊಡ್ಡವಳಿದ್ದಾಳು. ಸೀಟು ಖಾಲಿಯಿದ್ದರೂ ಇಬ್ಬರೂ ಹಿಂದೆ ಹೋಗಿ ನೆಲದ ಮೇಲೆ ಕೂತರು. ನಾನು ಬ್ಯಾಟರಿಯ ಚಿಂತೆಯಲ್ಲಿ ಹಿಂದಿನ ಬಾಗಿಲ ಬಳಿಯೇ ಇದ್ದೆ.

"ಅದ್ರಾಗ ಏನದ ಯಪ್ಪಾ?" ಎಂದಳು ನನ್ನ ತೊಡೆಯ ಮೇಲಿನ ಡಬ್ಬಿ ನೋಡಿ. "ಹಸುಗೂಸು ಹಿಡ್ಕೊಂಡಂಗ ಹಿಡ್ಕೊಂಡೀರಿ."

"ನೀ ಹಾಡಿದ್ದು ಊರಿಗೆಲ್ಲಾ ಕೇಳ್ಸೂದು ಇದೇ ಅವ್ವಾ."

"ಇಷ್ಟ ಡಬ್ಬಿ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಮಾಸ್ತರ್ರು ಕಟ್ಟಿ ಮ್ಯಾಲ ಅಂದಾರ. ಖರೇನ ಹತ್ತಸ್ತಾರೇನ್ರಿ? ಹತ್ತಿಸಿ ಇಳಿಸಿದ್ರ ನಾ ಕೇರಿಯಾಗ ಮುಖ ಎತ್ತಾಕ ಆಗೂದಿಲ್ಲ. ಈಗಾಗಲೇ ಇವಳಿಗಿ ಯಾಕ ಬೇಕಿತ್ತು ಅಂತ ನಮ್ಮವರ ಅನ್ನಾಕತ್ತಾರ" ಎಂದಳು. ನಾನು ದೊಡ್ಡ ಮನುಷ್ಯನ ಹಾಗೆ, ಹತ್ತಿಸುತ್ತಾರೆ, ನಾನಿದ್ದೀನಿ ಎಂದುಬಿಟ್ಟೆ. ನನ್ನ ಕೈಯಲ್ಲಿ ಇದ್ದದ್ದಾದರೂ ಏನು? ಒಂದು ಡಬ್ಬಿ.

ಮಧ್ಯಾಹ್ನದ ಹೊತ್ತಿಗೆ ದೇವದುರ್ಗದಲ್ಲಿ ಕೆಲಸ ಶುರು ಮಾಡಿದೆ. ಅಂದು ಸಂತೆ. ಚಾವಡಿಯ ಮುಂದೆ ಬಯಲು, ಬಯಲಿನ ಒಂದು ಅಂಚಿಗೆ ಕಲ್ಲಿನ ಕಟ್ಟೆ. ಒಂದು ಭೋಂಗಾವನ್ನು ಬೇವಿನ ಮರಕ್ಕೆ ಸಂತೆಯ ಕಡೆ ಮುಖ ಮಾಡಿ ಬಿಗಿದೆ. ಇನ್ನೊಂದನ್ನು ಚಾವಡಿಯ ಮಾಳಿಗೆಯ ಮೇಲೆ ಹತ್ತಿಸುತ್ತಿದ್ದಾಗ ಊರಿನ ಹಿರಿಯ ಗೌಡರು ಕೆಳಗೆ ಬಂದು ನಿಂತರು. ತಲೆಗೆ ಬಿಳಿ ಪಟಗ, ಕೈಯಲ್ಲಿ ಬೆತ್ತ. ಮಾತು ಮೆತ್ತಗೇ ಇತ್ತು.

"ಸಾಬ್ರ, ಒಂದ ಮಾತು. ಆ ಭೋಂಗಾ ನಮ್ಮ ಓಣಿ ಕಡಿ ತಿರುಗ್ಸಬ್ಯಾಡ್ರಿ."

"ಯಾಕ್ರಿ ಗೌಡ್ರ?"

"ಮನ್ಯಾಗ ದೇವರದಾವ. ಆಕಿ ಧ್ವನಿ ದೇವರ ಮನಿತನಕ ಬರೂದು ಬ್ಯಾಡ."

ಭೋಂಗಾ ತಿರುಗಿಸಿ ಎನ್ನುವವರು ನನ್ನ ಕಸುಬಿನಲ್ಲಿ ದಿನಾ ಸಿಗುತ್ತಾರೆ. ಬಾಣಂತಿ ಮಲಗಿದ್ದಾಳೆ ಅನ್ನುತ್ತಾರೆ, ಎಮ್ಮೆ ಹಾಲು ಕೊಡುವುದಿಲ್ಲ ಅನ್ನುತ್ತಾರೆ. ದೇವರ ಕಿವಿಯ ಚಿಂತೆ ಮಾಡಿದವರು ಇವರೇ ಮೊದಲಿಗರು. ಅದನ್ನು ಹೊಲಗಳ ಕಡೆಗೆ ತಿರುಗಿಸಿ ಕಟ್ಟಿದೆ. ಗಾಳಿ ಮಾತ್ರ ಹೊಲದ ಕಡೆಯಿಂದ ಅವರ ಓಣಿಯ ಕಡೆಗೇ ಬೀಸುತ್ತಿತ್ತು, ಅದನ್ನು ನಾನು ಅವರಿಗೆ ಹೇಳಲು ಹೋಗಲಿಲ್ಲ.

ಗೌಡರನ್ನು ಒಪ್ಪಿಸಲು ಮಾಸ್ತರು ಒಂದು ಉಪಾಯ ಮಾಡಿದ್ದರು. ಮೊದಲ ಭಾಷಣ ಗೌಡರದೇ. ಅವರು ಮಾತಾಡಿ ಕೆಳಗಿಳಿದ ಮೇಲೆ ಆಕೆ ಹತ್ತುವುದು. ಬಿಸಿಲು ಇಳಿಯುವ ಹೊತ್ತಿಗೆ ಜನ ಸೇರಿದರು. ಎಲ್ಲಿ ಯಾರು ಕೂಡಬೇಕೆಂದು ಯಾರೂ ಹೇಳಬೇಕಿರಲಿಲ್ಲ. ಮೇಲಿನ ಓಣಿಯ ಗಂಡಸರು ಚಾವಡಿಯ ನೆರಳಿನಲ್ಲಿ, ಸಂತೆಯ ಜನ ಬಯಲಿನಲ್ಲಿ, ಊರ ಹೊರಗಿನ ಕೇರಿಯವರು ದೂರ ಹುಣಸೆಮರದ ಕೆಳಗೆ. ನಡುವೆ ಖಾಲಿ ನೆಲ. ನಾನು ಕಟ್ಟೆಯ ಮಗ್ಗುಲಲ್ಲಿ ಆಂಪ್ಲಿಫೈಯರಿನ ಮುಂದೆ ಕೂತು ವಾಲ್ವುಗಳು ಕೆಂಪಗಾಗುವುದನ್ನು ನೋಡುತ್ತಿದ್ದೆ. ಗೌಡರು ಎದೆಯುಬ್ಬಿಸಿ, ಮೈಕಿನಿಂದ ಮೊಳ ದೂರ ನಿಂತು, ಊರಿನ ದೊಡ್ಡತನದ ಬಗ್ಗೆ ಮಾತಾಡಿದರು. ತಮ್ಮದೇ ಧ್ವನಿ ಬೇವಿನ ಮರದಿಂದ ಕೇಳಿಬಂದಾಗ ಅವರಿಗೆ ಭಾಷಣ ಮುಗಿಸುವ ಮನಸ್ಸೇ ಆಗಲಿಲ್ಲ. ಕೊನೆಗೆ ಇಳಿದು ಚಾವಡಿಗೆ ಹೋದರು.

ನಾನು ಎದ್ದು, ಜೇಬಿನಿಂದ ಮಲ್‌ಮಲ್ ತೆಗೆದು, ಮೈಕಿಗೆ ಸುತ್ತಿ ದಾರ ಬಿಗಿದೆ. ಆಕೆ ಏಕತಾರಿ ಎದೆಗವಚಿಕೊಂಡು ಮೆಟ್ಟಿಲಿನ ಬುಡದಲ್ಲಿ ನಿಂತಿದ್ದಳು. ನನ್ನ ಕೈಗಳನ್ನೇ ನೋಡಿದಳು. ಮೆಟ್ಟಿಲ ಮೇಲೆ ಇಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

"ಇದೇನ್ರಿ ಅದು?"

"ಅರಿವಿ ಅವ್ವಾ. ಹಾಡು ಶುರು ಮಾಡು."

"ಗೌಡ್ರು ಮಾತಾಡುವಾಗ ಇರ್ಲಿಲ್ಲಲ್ಲ?"

ಆಗ ನನಗೆ ಅರ್ಥವಾಯಿತು. ಗೌಡರಿಗೆ ಬರಿಯ ಮೈಕು, ಅವರು ಇಳಿದ ಕೂಡಲೇ, ಆಕೆ ಹತ್ತುವ ಗಳಿಗೆಗೆ ಸರಿಯಾಗಿ, ಅರಿವೆ. ನೋಡಿದವರು ಯಾರಾದರೂ ಇನ್ನೇನು ತಿಳಿದಾರು? ತೇವ, ಹರಳು, ಕವ್ವಾಲರು, ದಾಸರು ಎಂದು ನಾನು ಗಡಿಬಿಡಿಯಲ್ಲಿ ಹೇಳಹೊರಟೆ. ಹೇಳುತ್ತಿದ್ದಂತೆ ನನ್ನ ಕಿವಿಗೇ ಅದೆಲ್ಲ ಹೊಸದಾಗಿ ಕಟ್ಟಿದ ಸುಳ್ಳಿನ ಹಾಗೆ ಕೇಳಿಸಿತು.

"ಬಸ್ಸಿನ್ಯಾಗ ಅಷ್ಟ ಛಲೋ ಮಾತಾಡಿದ್ರಿ" ಎಂದಳು. ಅಷ್ಟೇ. ಅದು ಬೈಗುಳಕ್ಕಿಂತ ಹೆಚ್ಚು ತಾಗಿತು ನನಗೆ.

ಅಷ್ಟರಲ್ಲಿ ಚಾವಡಿಯಿಂದ ಗೌಡರ ಧ್ವನಿ ಬಂತು. "ಛಲೋ ಮಾಡಿದ್ರಿ ಸಾಬ್ರ! ಅರಿವಿ ಇರ್ಲಿ. ಆಕಿ ಉಸುರು ತಾಗೂದಿಲ್ಲ. ಹಿಂಗಾದ್ರ ನಮ್ಮದೇನೂ ತಕರಾರಿಲ್ಲ." ಅವರ ಸುತ್ತಲಿದ್ದವರು ಹೌದೌದೆಂದು ತಲೆಯಾಡಿಸಿದರು. ನಾನು ಇದ್ದಿಲ ಹರಳಿಗಾಗಿ ಕಟ್ಟಿದ ಬಟ್ಟೆಗೆ ಅವರೂ ಆಕೆಯೂ ಒಂದೇ ಅರ್ಥ ಮಾಡಿಕೊಂಡಿದ್ದರು.

ಸೋದರಮಾವ ಆಕೆಯ ಹತ್ತಿರ ಬಂದು, "ಬಿಡವ್ವಾ, ಕೆಳಗ ನಿಂತು ಎರಡು ಪದ ಹಾಡಿ ಹೋಗೂಣು. ದಿನಾ ಹಾಡೂದ ಹಂಗಲ್ಲ?" ಎಂದ.

"ಕೆಳಗ ನಿಂತ್ರ ಅರಿವಿ ಬೇಕಾಗಿಲ್ಲ ಮಾವ. ಮ್ಯಾಲ ಕರದು ಬಾಯಿಗಿ ಅರಿವಿ ಕಟ್ಟಿದ್ರ, ಅದು ಕೆಳಗಿಗಿಂತ ಕೆಳಗ. ನಡಿ, ಊರಿಗಿ ಹೋಗೂಣು."

ಮಾಸ್ತರು ಓಡಿಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಅರಿವಿ ಇರ್ಲಿ ಬಿಡ್ರಿ. ಗೌಡ್ರೇ ಒಪ್ಪ್ಯಾರ. ಆಕಿಗಿ ನಾ ತಿಳಿಸಿ ಹೇಳ್ತೀನಿ. ಹೆಂಗರ ಕಟ್ಟಿ ಹತ್ತಿದ್ರ ಸಾಕು."

ಎಲ್ಲರಿಗೂ ಆ ಬಟ್ಟೆ ಬೇಕಾಗಿತ್ತು. ಮಾಸ್ತರರಿಗೆ ಕಾರ್ಯಕ್ರಮ ನಡೆದರೆ ಸಾಕು, ಗೌಡರಿಗೆ ಮಡಿ ಉಳಿದರೆ ಸಾಕು. ನನಗೂ ಅದೇ ಬೇಕು, ಇದ್ದ ಒಂದೇ ಮೈಕು ಉಳಿಯಬೇಕಲ್ಲ! ಬೇಡವಾಗಿದ್ದದ್ದು ಆಕೆಯೊಬ್ಬಳಿಗೆ.

ಮೈಕಿನ ಆಸೆಗಿಂತ ದೊಡ್ಡ ಹೆದರಿಕೆಯೊಂದು ನನ್ನ ತಲೆಯಲ್ಲಿ ಹೊಕ್ಕಿತ್ತು. ಅರಿವೆ ಬಿಚ್ಚಿದೆ ಎಂದಿಟ್ಟುಕೊಳ್ಳಿ. ಹಾಡಿನ ನಡುವೆ ಆಕೆಯ ಉಸಿರಿನ ತೇವಕ್ಕೆ ಹರಳು ಕಟ್ಟಿ ಮೈಕು ಸತ್ತರೆ ಜನ ಏನು ಹೇಳುತ್ತಾರೆ? ಕವ್ವಾಲರು ಹಾಡಿ ಕೆಟ್ಟರೆ ಯಂತ್ರ ಕೆಟ್ಟಿತು ಎನ್ನುತ್ತಾರೆ. ಆಕೆ ಹಾಡಿ ಕೆಟ್ಟರೆ, ನೋಡಿ, ಯಂತ್ರಕ್ಕೂ ಮೈಲಿಗೆಯಾಯಿತು ಎನ್ನುತ್ತಾರೆ. ಆ ಮಾತು ದೇವದುರ್ಗದಿಂದ ಹೊರಟರೆ ಇಡೀ ಜಿಲ್ಲೆ ಸುತ್ತುತ್ತದೆ, ಆಮೇಲೆ ಆ ಹೆಂಗಸನ್ನು ಯಾವ ಊರಿನವರೂ ಕಟ್ಟೆಯ ಹತ್ತಿರಕ್ಕೂ ಬಿಡುವುದಿಲ್ಲ. ಬಿಚ್ಚದಿದ್ದರೆ ಈಗಲೇ ಹೊರಟುಹೋಗುತ್ತಾಳೆ.

ಆಕೆ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆದಾಗಿತ್ತು. ನಾನು ದಾರ ಹರಿದು ಅರಿವೆ ಕಿತ್ತು, ಎಲ್ಲರಿಗೂ ಕಾಣುವ ಹಾಗೆ ಕೊಡವಿ, ಮಡಚಿ ಜೇಬಿಗೆ ಹಾಕಿಕೊಂಡೆ. "ಅವ್ವಾ, ಬಾ" ಎಂದು ಕೂಗಿದೆ.

ತಿರುಗಿ ನೋಡಿದಳು. ಚಾವಡಿಯಲ್ಲಿ ಗುಜುಗುಜು ಎದ್ದಿತು. ಆಕೆ ಅದನ್ನು ಕೇಳಿಸಿಕೊಳ್ಳುತ್ತಲೇ ಬಂದು, ಮೆಟ್ಟಿಲು ಹತ್ತಿ, ಕಟ್ಟೆಯ ಮೇಲೆ ನಿಂತಳು. ಹುಣಸೆಮರದ ಕೆಳಗಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು.

ಇನ್ನೊಂದು ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅರಿವೆ ಇಲ್ಲದಿದ್ದರೆ ಹಾಡುವವರಿಗೆಲ್ಲ ನಾನು ಹೇಳುವ ಮಾತು, 'ದೂರ ನಿಂತು ಹಾಡಿ.' ಬಾಯಿ ತೆರೆದವನು ಹಾಗೇ ಮುಚ್ಚಿದೆ. ಹುಟ್ಟಿದಾಗಿನಿಂದ ಆಕೆ ಕೇಳಿದ್ದು ಅದೊಂದೇ ಮಾತು, 'ದೂರ ನಿಲ್ಲು.' ಅದನ್ನೇ ಆ ಕಟ್ಟೆಯ ಮೇಲೆ ನಾನು ಹೇಗೆ ಹೇಳಲಿ? "ನಿನಗ ಹೆಂಗ ಬೇಕೋ ಹಂಗ ಹಾಡವ್ವಾ" ಎಂದು ಹೋಗಿ ಆಂಪ್ಲಿಫೈಯರಿನ ಮುಂದೆ ಕೂತೆ.

ಆಕೆಯ ಧ್ವನಿಯ ಬಗ್ಗೆ ನಾನು ಏನು ಹೇಳಲಿ. ಮೊದಲ ಸಾಲಿಗೇ ಆಂಪ್ಲಿಫೈಯರಿನ ಗುಂಡಿ ಹಿಂದಕ್ಕೆ ತಿರುಗಿಸಿ ಧ್ವನಿ ತಗ್ಗಿಸಬೇಕಾಯಿತು, ಇಲ್ಲದಿದ್ದರೆ ಭೋಂಗಾ ಒಡಕಲು ಹೊಡೆಯುತ್ತಿತ್ತು. ಕೂಗಾಟವಲ್ಲ ಅದು. ಗಟ್ಟಿಯಾದ, ಸ್ವಲ್ಪ ಒರಟಾದ, ತಳವಿದ್ದ ಧ್ವನಿ. ಮೈಯೊಳಗಿನ ಗಾಳಿಯ ಬಗ್ಗೆ ಆ ಪದ. ಬರುವಾಗ ಅದಕ್ಕೆ ಓಣಿಯಿಲ್ಲ, ಹೋಗುವಾಗ ಊರಿಲ್ಲ ಎಂಬ ಅರ್ಥದ್ದು. ಮುದುಕನ ದಮ್ಮಡಿ ಹಿಂದಿನಿಂದ ಮೆಲ್ಲಗೆ ನಡೆಯುತ್ತಿತ್ತು. ಸಂತೆಯಲ್ಲಿ ಚೌಕಾಸಿ ನಿಂತಿತು. ಎಷ್ಟೋ ದೊಡ್ಡ ಉಸ್ತಾದರಿಗೆ ಮೈಕು ಹಿಡಿದವನು ನಾನು, ಕೆಲಸ ಮರೆತು ಕೂತದ್ದು ಅದೇ ಮೊದಲು.

ಎರಡನೆಯ ಪದದಲ್ಲಿ ಕಣ್ಣು ಮುಚ್ಚಿದಳು. ತುಟಿ ಮೈಕಿಗೆ ತಾಗಿತು. ಸ್ವಲ್ಪ ಹೊತ್ತಿಗೆ ಭೋಂಗಾದಲ್ಲಿ ಎಣ್ಣೆಗೆ ಸಾಸಿವೆ ಬಿದ್ದ ಸದ್ದು ಶುರುವಾಯಿತು. ಧ್ವನಿ ತೆಳ್ಳಗಾಯಿತು, ಇನ್ನಷ್ಟು ತೆಳ್ಳಗಾಯಿತು, ನಿಂತೇಹೋಯಿತು.

ಚಾವಡಿಯಿಂದ ಯಾವನೋ ಕೂಗಿದ. "ನೋಡ್ರಪೋ! ಯಂತ್ರಕ್ಕ ಇರೂ ಬುದ್ಧಿ ಮಾಸ್ತರ್ಗ ಇಲ್ಲ!" ದೊಡ್ಡ ನಗು. ನನ್ನ ಹೆದರಿಕೆ ಅಕ್ಷರಶಃ ನಿಜವಾಯಿತು. ಬೆರಳಿನ ಗೆಣ್ಣಿನಿಂದ ಮೈಕಿನ ಬೆನ್ನಿಗೆ ತಟ್ಟಿದರೆ ಕೆಲವು ಸಲ ಹರಳು ಬಿಡುತ್ತವೆ. ನಾನು ದಡಬಡಿಸಿ ಕಟ್ಟೆ ಹತ್ತಿದೆ.

ಆಕೆ ಹಾಡು ನಿಲ್ಲಿಸಿರಲಿಲ್ಲ. ಮೈಕಿನ ಮಗ್ಗುಲಿಗೆ ಸರಿದು, ಕಟ್ಟೆಯ ಅಂಚಿಗೆ ಬಂದು, ಅದೇ ಸಾಲನ್ನು ಮತ್ತೆ ಎತ್ತಿಕೊಂಡಳು. ಬರಿಯ ಗಂಟಲಿನಿಂದ. ಸಂತೆಯ ಹಿಂದಿನ ಸಾಲಿನವರಿಗೆ ಅದು ಸರಿಯಾಗಿ ಕೇಳಿಸದು. ಉಳ್ಳಾಗಡ್ಡಿ ಮಾರುವ ಹೆಂಗಸೊಬ್ಬಳು ಬುಟ್ಟಿ ಎತ್ತಿಕೊಂಡು ಮುಂದೆ ಬಂದು ಕೂತಳು. ಅವಳ ಹಿಂದೆ ಇಬ್ಬರು, ಮತ್ತೆ ನಾಲ್ವರು. ಬಯಲಿನ ಜನವೆಲ್ಲ ಮುಂದಕ್ಕೆ ಹರಿಯಿತು. ಹುಣಸೆಮರದವರಿಗೂ ಕೇಳಿಸಬೇಕಲ್ಲ? ಅವರೂ ಬಂದರು. ಮೊದಲು ಖಾಲಿ ನೆಲದ ಅಂಚಿನವರೆಗೆ, ಆಮೇಲೆ ಅದನ್ನೂ ದಾಟಿ.

ಮೇಲಿನ ಓಣಿಯ ಬಾಯಲ್ಲಿ ಹೆಂಗಸರು ಕಾಣಿಸಿಕೊಂಡರು. ಗಾಳಿಯಲ್ಲಿ ತೇಲಿಬರುತ್ತಿದ್ದ ಹಾಡು ನಿಂತದ್ದಕ್ಕೆ ಏನಾಯಿತೆಂದು ನೋಡಲು ಬಂದಿದ್ದರು. ಅವರ ನಡುವಿನಿಂದ ಕೋಲೂರಿಕೊಂಡು ಹಣ್ಣುಹಣ್ಣು ಮುದುಕಿಯೊಬ್ಬಳು ನೇರ ಕಟ್ಟೆಗೇ ನಡೆದುಬಂದಳು. ಗೌಡರ ತಾಯಿ. ಕಿವಿ ಪೂರಾ ಮಂದ.

"ಯಾಕ ನಿಲ್ಲಿಸಿದ್ರೋ?" ಎಂದಳು ನನಗೆ, ಕಿವುಡರ ದೊಡ್ಡ ಧ್ವನಿಯಲ್ಲಿ. "ಎಷ್ಟೋ ವರ್ಷಕ್ಕ ನನಗೊಂದು ಹಾಡು ಕೇಳಸಾಕತ್ತಿತ್ತು!"

"ಯವ್ವಾ, ಈ ಕಡಿ ಬಾ!" ಎಂದು ಗೌಡರು ಚಾವಡಿಯಿಂದ ಕೂಗಿದರು. ಮುದುಕಿಗೆ ಅದು ಕೇಳಿಸಬೇಕಲ್ಲ. ಮೆಟ್ಟಿಲ ಮೇಲೆ, ಹಾಡುವವಳ ಪಾದದ ಪಕ್ಕದಲ್ಲಿ ಕೂತು, ಕಿವಿಗೆ ಅಂಗೈ ಹಿಡಿದಳು. ಗೌಡರು ಇನ್ನೆರಡು ಸಲ ಕೂಗಿ, ಪಟಗ ಸರಿಮಾಡಿಕೊಂಡು ಕೂತರು. ತಾಯಿಯ ರಟ್ಟೆ ಹಿಡಿದು ಎಳೆಯಲು ಅಷ್ಟು ಜನರೆದುರು ಯಾವ ಗೌಡನಿಗೂ ಆಗದು.

ನನ್ನ ಬೆರಳು ಮೈಕಿನ ಬೆನ್ನ ಮೇಲಿತ್ತು. ತಟ್ಟಿದರೆ ಬಂದೇ ಬರುತ್ತದೆಂದು ಕೈಗೆ ಗೊತ್ತಾಗುತ್ತಿತ್ತು. ತಟ್ಟಿದರೆ ಭೋಂಗಾ ಕೂಗುತ್ತದೆ, ಜನ ಆರಾಮಾಗಿ ತಮ್ಮ ತಮ್ಮ ಜಾಗಕ್ಕೆ ಹಿಂದಿರುಗುತ್ತಾರೆ. ಕೈ ತೆಗೆದೆ. ಕೆಳಗಿಳಿದು ಆಂಪ್ಲಿಫೈಯರಿನ ಸ್ವಿಚ್ಚು ಆರಿಸಿದೆ. ಭೋಂಗಾದವನು ತಾನಾಗಿ ಭೋಂಗಾ ಆರಿಸಿದ್ದು ನನ್ನ ಕಸುಬಿನಲ್ಲಿ ಆ ಒಂದೇ ಸಲ. ಆಮೇಲೆ ನಾನೂ ಜನರ ನಡುವೆ ಹೋಗಿ ಕೂತೆ. ಹೊತ್ತು ಮುಳುಗುವವರೆಗೂ ಆಕೆ ಹಾಡಿದಳು. ಚಾವಡಿಯಿಂದ ಕೆಲವರು ಎದ್ದು ಹೋದರು. ಹೋಗದವರೇ ಹೆಚ್ಚು.

ಎಲ್ಲ ಮುಗಿದ ಮೇಲೆ ಸ್ವಿಚ್ಚು ಹಾಕಿ, ಮೈಕಿಗೆ ತಟ್ಟಿದೆ. ಭೋಂಗಾ ಗುಂಯ್ ಎಂದಿತು. ಚಾವಡಿಯ ಆ ನಗು ನನ್ನ ತಲೆಯಿಂದ ಹೋಗಿರಲಿಲ್ಲ. ಮಾಸ್ತರರು ಆಭಾರ ಹೇಳುವ ಮೊದಲು ನಾನೇ ಮೈಕಿನ ಮುಂದೆ ನಿಂತೆ. ಊರೂರು ಸುತ್ತಿದರೂ ಜನರೆದುರು ನಾನು ಅದರಲ್ಲಿ ಮಾತಾಡಿದವನಲ್ಲ.

"ನೋಡ್ರಿ, ಈ ಮೈಕ್ ಕೆಡೂದು ತೇವಕ್ಕ. ಪೀರ್ ಸಾಬರ ಉರುಸಿನ್ಯಾಗೂ ಕೆಟ್ಟದ, ದೊಡ್ಡ ದೊಡ್ಡವರ ಲಗ್ನದಾಗೂ ಕೆಟ್ಟದ. ಎಲ್ಲಾರ ಉಸುರೂ ಹಸೀನ ಇರ್ತದ್ರಿ. ಬೇಕಾದ್ರ ಯಾರರ ಬಂದು ಊದಿ ನೋಡ್ರಿ."

ಯಾರೂ ಊದಲು ಬರಲಿಲ್ಲ. ಗೌಡರ ತಾಯಿ ಮಾತ್ರ, ಇವನೇನು ಹಾಡುತ್ತಾನೆ ಎಂದು ಪಕ್ಕದವರನ್ನು ಕೇಳಿದಳು. ಜನ ನಕ್ಕರು, ಈ ಸಲ ಬೇರೆ ನಗು.

ಇಷ್ಟಕ್ಕೇ ಊರು ಬದಲಾಯಿತೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಕೇರಿಯವರು ಮುಟ್ಟಬಾರದ ಊರ ಬಾವಿ ಹಾಗೇ ಇತ್ತು. ಸೋದರಮಾವನನ್ನು ಆ ಸುಗ್ಗಿಗೆ ಕೂಲಿಗೆ ಕರೆಯಬೇಡಿ ಎಂದು ಯಾರೋ ಗಬ್ಬೂರಿಗೆ ಸದ್ದಿಲ್ಲದೆ ಹೇಳಿ ಕಳಿಸಿದ್ದರಂತೆ. ಕಟ್ಟೆಯನ್ನು ನೀರು ಹಾಕಿ ತೊಳೆಸಿದರಂತೆ. ಮಾಸ್ತರರು ಅಂಗಡಿಗೆ ಬಂದಾಗ ಇದನ್ನೆಲ್ಲ ಹೇಳಿ ತಲೆ ತಗ್ಗಿಸಿ ಕೂತರು. ಚಾಚಾ ಅವರಿಗೆ ಚಹಾ ತರಿಸಿ, ನನ್ನ ಕಡೆ ಕಣ್ಣು ಕೆಂಪಗೆ ಮಾಡಿದರು.

ಆದರೆ ಸುದ್ದಿ ತನ್ನ ಕಾಲಿನಿಂದ ತಾನೇ ನಡೆಯಿತು. ಸಂತೆಗೆ ಬಂದವರು ಅದನ್ನು ಊರೂರಿಗೆ ಒಯ್ದರು. ಗುಂಜಹಳ್ಳಿಯಿಂದ ಮೆಣಸಿನಕಾಯಿ ತಂದವನೊಬ್ಬ ನಮ್ಮ ಅಂಗಡಿಯ ಮುಂದೆ ನಿಂತು, "ಆಕಿ ಧ್ವನಿಗಿ ಸುಟ್ಟ ಯಂತ್ರ ಇದೇ ಏನ್ರಿ?" ಎಂದ. ಮಟಮಾರಿಯವರು ಹೇಳುವ ಕಥೆಯಲ್ಲಿ ಭೋಂಗಾ ಎರಡು ಹೋಳಾಗಿ ಬೇವಿನ ಮರದಿಂದ ಬಿದ್ದಿತ್ತು. ಇನ್ನೊಬ್ಬರ ಪ್ರಕಾರ ನಾನು ಕೈಮುಗಿದು, ಅವ್ವಾ, ನನ್ನ ಯಂತ್ರ ಸೋತಿತು ಎಂದು ಕಾಲಿಗೆ ಬಿದ್ದಿದ್ದೆ! ನಾನು ಏನು ಹೇಳಿದರೂ ಯಾರೂ ಕೇಳಲು ತಯಾರಿರಲಿಲ್ಲ. ಮೈಲಿಗೆಯಾಗಿ ಯಂತ್ರ ಸತ್ತಿತು ಎನ್ನುತ್ತಾರೆಂದು ನಾನು ಹೆದರಿದ್ದೆ. ಜನ ಮಾತನ್ನು ತಿರುಗಿಸಿಕೊಂಡಿದ್ದರು. ಆಕೆಯ ಹಾಡಿನ ಬಲಕ್ಕೆ ಯಂತ್ರ ತಡೆಯಲಿಲ್ಲ, ಅಷ್ಟೇ. ಕೇಳಿ ಕೇಳಿ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಚಾಚಾ ಮಾತ್ರ, ಅಂಗಡಿಯ ಹೆಸರು ಹಾಳಾಯಿತೆಂದು ಹಣೆ ಚಚ್ಚಿಕೊಂಡರು.

ಒಂದು ದಿನ ಮಾನ್ವಿಯಿಂದ ಮೂವರು ಬಂದರು. ಒಬ್ಬರು ವಯಸ್ಸಾದ ವ್ಯಾಪಾರಿ, ಹಣೆಯಲ್ಲಿ ವಿಭೂತಿ. ಜೊತೆಗೆ ಅವರ ಓಣಿಯ ಇಬ್ಬರು. ಚಾಚಾ ಗಡಬಡಿಸಿ ಕುರ್ಚಿ ಹಾಕಿ, ಭೋಂಗಾ ಎಂದಿಗೆ ಬೇಕೆಂದು ಕೇಳಿದರು.

"ಭೋಂಗಾ ಬ್ಯಾಡ್ರಿ ಸಾಬ್ರ" ಎಂದರು ವ್ಯಾಪಾರಿ. "ಆಕಿ ಧ್ವನಿಗಿ ಅದು ತಡಿಯೂದಿಲ್ಲಂತಲ್ಲ. ನಮಗ ಆಕಿ ಬೇಕು. ಎಲ್ಲಿರ್ತಾಳ? ತಳವಾರನ್ನ ಕಳಿಸಿ ಕರಸ್ತೀವಿ."

ಚಾಚಾರ ಮುಖ ನೋಡುವ ಹಾಗಿರಲಿಲ್ಲ. ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟು ಬಂತು.

"ಮಾನ್ವಿಗೆ ದಾಸರು ಬಂದ್ರ ತಳವಾರನ್ನ ಕಳಸ್ತೀರೇನ್ರಿ?" ಎಂದೆ.

"ಇಲ್ಲ. ಮನಿಗಿ ಹೋಗಿ ವೀಳ್ಯೆ ಕೊಡ್ತೀವಿ."

"ಹಂಗಾದ್ರ ಇಲ್ಲೂ ಅದೇ ಮಾಡ್ರಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೇರಿಯೊಳಗೆ ಕಾಲಿಡುವುದು ಅವರು ಯೋಚಿಸಿಕೊಂಡು ಬಂದ ಲೆಕ್ಕದಲ್ಲಿರಲಿಲ್ಲ. ಕೊನೆಗೆ ವ್ಯಾಪಾರಿ ಎದ್ದು ಎದುರಿನ ಅಂಗಡಿಗೆ ಹೋಗಿ ಎಲೆ, ಅಡಿಕೆ ಕಟ್ಟಿಸಿಕೊಂಡು ಬಂದು, "ಮನಿ ತೋರಿಸ್ತೀರೇನ್ರಿ?" ಎಂದರು.

ಗಬ್ಬೂರಿನ ಬಸ್ಸು ಹಿಡಿದು ಹೋದೆವು. ಕೇರಿಯ ಮೊದಲ ಮನೆಯ ಹತ್ತಿರ ಉಳಿದಿಬ್ಬರ ಕಾಲು ನಿಧಾನವಾಯಿತು, ಅಲ್ಲೇ ನಿಂತರು. ವ್ಯಾಪಾರಿ ನನ್ನ ಜೊತೆ ಬಂದರು. ಆಕೆ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನಮ್ಮನ್ನು ಕಂಡು ಮೊರ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಎದ್ದು, ರೂಢಿಯಂತೆ ಎರಡು ಹೆಜ್ಜೆ ಹಿಂದೆ ಸರಿದಳು. ಸೋದರಮಾವ ಒಳಗಿನಿಂದ ಓಡಿಬಂದ.

ವ್ಯಾಪಾರಿ ಬಂದ ಕಾರಣ ಹೇಳಿದರು. ಹೇಳುವಾಗ ಎರಡು ಸಲ ಕೆಮ್ಮಿದರು. ಆಕೆಯ ಕಣ್ಣು ಅವರ ಕೈಯಲ್ಲಿದ್ದ ಎಲೆಯ ಮೇಲಿತ್ತು. ಅಂಥ ಕೊಡುಗೆಗಳನ್ನು ಅವರಿಗೆ ಮೇಲಿನಿಂದ ಬೀಳಿಸುತ್ತಿದ್ದರು, ಇಲ್ಲವೇ ನೆಲದ ಮೇಲಿಟ್ಟು ಸರಿಯುತ್ತಿದ್ದರು. ಆಕೆ ಸೆರಗೂ ಒಡ್ಡಲಿಲ್ಲ, ಬಗ್ಗಲೂ ಇಲ್ಲ.

"ಮ್ಯಾಲೇನ್ರಿ, ಕೆಳಗೇನ್ರಿ?" ಎಂದು ಕೇಳಿದಳು.

ವ್ಯಾಪಾರಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಆಕೆ ಹಿಂದೆ ಸರಿದಿದ್ದ ಎರಡು ಹೆಜ್ಜೆಯನ್ನು ತಾವು ಮುಂದಿಟ್ಟರು.

"ಮ್ಯಾಲ, ಯವ್ವಾ" ಎಂದರು.

ಆಕೆ ಎರಡೂ ಕೈ ಮುಂದೆ ಮಾಡಿದಳು. ಅವರು ಎಲೆಯನ್ನು ಬೀಳಿಸಲಿಲ್ಲ, ಆಕೆಯ ಅಂಗೈಯಲ್ಲಿಟ್ಟರು.